ಕೆಂಚವ್ವನ ಹಳದಿ ಕಾರ್ಡು

ಕಾಲು ಚಾಚಿ ಕೂತ್ಕೊಳ್ಳಿ. ಬಾಯಲ್ಲಿ ಮಂಡಕ್ಕಿ ಇದ್ದರೆ ಮೊದಲು ನುಂಗಿ, ನಗುವಾಗ ನೆತ್ತಿಗೇರಿದರೆ ಆಮೇಲೆ ನನ್ನನ್ನು ಬೈಯಬೇಡಿ.

ಒಂದೂರಲ್ಲಿ ಮಂಡಕ್ಕಿ ಮಾರುವ ಕೆಂಚವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಓಬಳಿ. ಆಳು ಬಾಗಿಲ ತುಂಬ ಇದ್ದ, ಮೀಸೆ ಮುಖದ ತುಂಬ ಇತ್ತು, ಬುದ್ಧಿ ಮಾತ್ರ ಎಲ್ಲೂ ತುಂಬಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಲೆ ಮೇಲಿನ ಹಾಲು ನೋಡ್ತಿರು ಅಂದರೆ, ಹಾಲು ಉಕ್ಕಿ, ಒಲೆ ಆರಿ, ಬೆಕ್ಕು ಬಂದು ನೆಕ್ಕಿ ಹೋಗುವವರೆಗೂ ನೋಡುತ್ತಲೇ ಕೂತಿರುವವನು. "ಪೂರ್ತಿ ನೋಡಿದೆ ಕಣವ್ವ" ಅನ್ನುವವನು.

ಕೆಂಚವ್ವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಕ್ಕಿ ಆರಿಸಲು ಕೂತರೆ ಅಕ್ಕಿ ಹೊರಗೆ, ಕಲ್ಲು ಮೊರದೊಳಗೆ. ಮಂಡಕ್ಕಿಗೆ ಖಾರ ಹಾಕಿದ್ದು ಕಾಣದೆ ಮತ್ತೊಂದು ಸಲ ಹಾಕುವಳು, ಗಿರಾಕಿಗಳು ಅಳುತ್ತಾ ತಿನ್ನುವರು. ಈ ವರ್ಷ ಆಪರೇಷನ್ ಆಗದಿದ್ದರೆ ಪೂರ್ತಿ ಕತ್ತಲೆಯೇ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಆಗ ಸರ್ಕಾರದವರು ವಯಸ್ಸಾದವರಿಗೆ ಆರೋಗ್ಯದ ಕಾರ್ಡು ಕೊಡುತ್ತಿದ್ದರು. ವರ್ಷಕ್ಕೊಂದೇ ವಾರ, ಸೋಮವಾರದಿಂದ ಶನಿವಾರ, ಪಂಚಾಯ್ತಿ ಕಿಟಕಿಯಲ್ಲಿ ಹೆಸರು ಬರೆಸಬೇಕು. ಕಾರ್ಡಿನಲ್ಲಿ ಎರಡು ಬಣ್ಣ, ಹಸಿರು ಮತ್ತು ಹಳದಿ. ಒಂದರಲ್ಲಿ ಕಣ್ಣಿನ ಆಪರೇಷನ್ ಉಂಟು, ಇನ್ನೊಂದರಲ್ಲಿ ಇಲ್ಲ. ಒಂದನ್ನೇ ಆರಿಸಬೇಕು. ಆರಿಸಿದ ಮೇಲೆ ಮುಂದಿನ ವರ್ಷದವರೆಗೆ ಬದಲಾಯಿಸುವ ಹಾಗಿಲ್ಲ.

ಬಿಸಿಲಿಗೆ ಹೋದರೆ ಕೆಂಚವ್ವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸಾಲಲ್ಲಿ ನಿಲ್ಲಲು ಮಂಡಿ ಬಿಡುತ್ತಿರಲಿಲ್ಲ. ಹೋಗಲು ಇನ್ನಾರಿದ್ದಾರೆ? ಇವನೇ.

ಸೋಮವಾರ ಅವಳಂದಳು, "ಓಬಳಿ, ನನ್ನ ಆಧಾರ್ ಕಾರ್ಡು ಕಿಟಕೀಲಿ ಕೊಟ್ಟು ಬಾರಪ್ಪ."

ಹೋದ, ಕೊಟ್ಟ, ಬಂದ.

"ಹೆಸರು ಬರ್ಕೊಂಡ್ರಾ?"

"ಗೊತ್ತಿಲ್ಲ. ಗುಮಾಸ್ತ ನಿಲ್ಲೋ ನಿಲ್ಲೋ ಅಂತ ಕೂಗ್ತಿದ್ದ. ನೀನು ಕೊಟ್ಟು ಬಾ ಅಂದಿದ್ದೆ, ನಿಲ್ಲು ಅಂದಿರ್ಲಿಲ್ಲ."

ಕೆಂಚವ್ವ ಹಣೆ ಬಡಿದುಕೊಂಡಳು. "ಅಯ್ಯೋ ಪೆದ್ದ, ಕಾರ್ಡನ್ನ ಹಂಗೆ ಬಿಟ್ಟು ಬರ್ತಾರೇನ್ಲಾ? ನಾಳೆ ಹೋಗಿ ಇಸ್ಕೋ. ಯಾರ್ ಕೇಳಿದ್ರೂ ಕೈ ಬಿಡಬ್ಯಾಡ."

"ಆಗ್ಲಿ ಕಣವ್ವ."

ಮಂಗಳವಾರ ಹೋದ, ಕಾರ್ಡು ಇಸಕೊಂಡ, ಹಿಡಿದುಕೊಂಡ. ಗುಮಾಸ್ತ ಜೆರಾಕ್ಸ್ ಮಾಡಬೇಕು ಕೊಡಪ್ಪ ಅಂದ. ಕೊಡಲಿಲ್ಲ. ಎಳೆದ. ಬಿಡಲಿಲ್ಲ. ಕೊನೆಗೆ ಗುಮಾಸ್ತ ಸೋತು, ಕಾರ್ಡನ್ನೂ ಕೈಯನ್ನೂ ಒಟ್ಟಿಗೆ ಮೆಷಿನ್ನಿನ ಮೇಲಿಟ್ಟು ಗುಂಡಿ ಒತ್ತಿದ. ಹಾಳೆಯಲ್ಲಿ ಐದು ಬೆರಳು ಸೊಗಸಾಗಿ ಬಂದವು. ಕೆಂಚವ್ವನ ಮುಖದ ಮೇಲೆ ಹೆಬ್ಬೆರಳು ಕೂತಿತ್ತು.

"ಹೆಸರಾದ್ರೂ ಓದೋ ಹಂಗೈತೆ" ಅಂದ ಗುಮಾಸ್ತ. "ಹಸಿರು ಬೇಕಾ, ಹಳದಿ ಬೇಕಾ, ನಿಮ್ಮವ್ವನ್ನ ಕೇಳ್ಕೊಂಡು ಬಾ."

ಕೆಂಚವ್ವ ಬೈದಳು. ಬೈದು ಮುಗಿಸಿ ಅಂದಳು, "ಯಾವುದ್ರಾಗೆ ಕಣ್ಣೈತೋ ನಂಗೇನು ಗೊತ್ತು? ನಾಲ್ಕು ಜನರನ್ನ ಕೇಳಬೇಕಪ್ಪ."

ಬುಧವಾರ ಓಬಳಿ ನಾಲ್ಕು ಜನರನ್ನು ಕೇಳಿದ. ಮೂರಲ್ಲ, ಐದಲ್ಲ, ಎಣಿಸಿ ನಾಲ್ಕು.

"ನಮ್ಮವ್ವಂಗೆ ಹಸಿರೋ ಹಳದಿಯೋ?"

ಬಳೆಗಾರ ಹಸಿರು ಅಂದ. ಬಾಳೆಹಣ್ಣಿನವಳು, "ಹಸಿರು ಇನ್ನೂ ಕಾಯಿ, ಹಳದಿ ತಗೊಂಡೋಗು" ಅಂದಳು. ಲಾರಿ ಡ್ರೈವರು, "ಹಸಿರು ಬಂದ್ರೆ ನುಗ್ಗೋದೇ" ಅಂದ. ಗಿರಣಿಯಲ್ಲಿ ಅರಿಸಿನ ಕುಟ್ಟಿಸುತ್ತಿದ್ದ ಮುದುಕಿ ಹಳದಿ ಅಂದಳು. ಎರಡಕ್ಕೆ ಎರಡು. ಓಬಳಿ ಕಿಟಕಿಗೆ ಹೋಗಿ, "ಅರ್ಧ ಹಸಿರು, ಅರ್ಧ ಹಳದಿ ಬರ್ಕೊಳ್ಳಿ" ಅಂದ. ಗುಮಾಸ್ತ ಕಿಟಕಿ ಮುಚ್ಚಿದ.

"ಬಳೆಗಾರನ್ನ ಕೇಳ್ತಾರೇನ್ಲಾ?" ಅಂದಳು ಕೆಂಚವ್ವ. "ಕಣ್ಣು ಆಪರೇಷನ್ ಮಾಡಿಸ್ಕೊಂಡೋರನ್ನ ಕೇಳಬೇಕು. ಅವರು ಯಾವ ಬಣ್ಣ ಅಂತಾರೋ ಅದನ್ನೇ ಬರೆಸಬೇಕು."

ನಗಬೇಡಿ. ಅವಳ ಮಾತಿನಲ್ಲಿ ತಪ್ಪೇನಿದೆ ಹೇಳಿ? ತಪ್ಪಿರಲಿಲ್ಲ. ಓಬಳಿಯ ಕಿವಿಗೆ ಬಿದ್ದದ್ದೇ ತಪ್ಪು.

ಅದೇ ಬೀದಿಯ ನಿಂಗಜ್ಜ ಆಪರೇಷನ್ ಆಗಿ ಕರಿ ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಕೂತಿದ್ದ. ಗುರುವಾರ ಓಬಳಿ ಹೋಗಿ, "ಅಜ್ಜ, ಹಸಿರೋ ಹಳದಿಯೋ?" ಅಂದ.

ಅಜ್ಜ ಎದುರಿಗಿನ ಗೋಡೆ ನೋಡಿದ, ಆಕಾಶ ನೋಡಿದ. "ಈ ಕನ್ನಡಕದಾಗೆ ಎಲ್ಲಾ ಕಪ್ಪು ಕಣಪ್ಪ."

ಓಬಳಿ ಕಿಟಕಿಗೆ ಓಡಿದ. "ಕಪ್ಪು ಬರ್ಕೊಳ್ಳಿ."

"ಕಪ್ಪು ಇಲ್ಲ ಮಾರಾಯ."

"ಆಪರೇಷನ್ ಆದೋರೇ ಹೇಳಿದಾರೆ. ಕಪ್ಪು."

ಸಂಜೆ ಈ ಕತೆ ಕೇಳಿ ಕೆಂಚವ್ವ ಬೈಯಲಿಲ್ಲ, ಅತ್ತಳು. ಉಳಿದದ್ದು ಎರಡೇ ದಿನ. ಕಣ್ಣಿರುವಾಗ ಮಗನನ್ನು ಕಣ್ತುಂಬ ನೋಡಿಕೊಳ್ಳಲಿಲ್ಲವಲ್ಲ ಅಂತ ಅತ್ತಳು, ನೋಡಿಕೊಳ್ಳುವಂಥ ಮಗನಾ ಇವನು ಅಂತ ಇನ್ನೊಂದಿಷ್ಟು ಅತ್ತಳು.

ಶುಕ್ರವಾರ ತಾನೇ ಗೋಡೆ ಹಿಡಿದು ಹಿಡಿದು ನಿಂಗಜ್ಜನ ಜಗಲಿಗೆ ಹೋದಳು. ಅಜ್ಜ ಸರಿಯಾಗಿ ಹೇಳಿದ, "ಹಸಿರಿನಾಗೆ ಗುಳಿಗೆ, ರಕ್ತ ಪರೀಕ್ಷೆ, ಅಷ್ಟೇ. ಕಣ್ಣು ಇರೋದು ಹಳದೀಲಿ ಕಣವ್ವ."

ಶನಿವಾರ ಬೆಳಗ್ಗೆ ಕೆಂಚವ್ವ ಮಗನ ಅಂಗೈಗೆ ಅರಿಸಿನ ಬಳಿದಳು. "ಈ ಬಣ್ಣ, ಬ್ಯಾರೆ ಬ್ಯಾಡ. ಕಿಟಕಿ ಮುಂದೆ ಕೂತ್ಕೋ, ನನ್ನ ಹೆಸರು ಕೂಗೋತನಕ ಅಲ್ಲಾಡಬ್ಯಾಡ. ಕೆಂಚವ್ವ ಅಂತ ಕೂಗಿದ್ರೆ ಬಂದೆ ಅಂತ ಎದ್ದು ಹೋಗು. ಅವರು ಹೇಳಿದಂಗೆ ಮಾಡು."

ಓಬಳಿ ಕೂತ. ಊಟದ ಹೊತ್ತಾಯಿತು, ಕೂತ. ಸಾಲು ಕರಗಿತು, ಕೂತ. ಗುಮಾಸ್ತ ನಿನ್ನದೇನು ಬಾರೋ ಅಂದ, ಅದು ಹೆಸರಲ್ಲವಲ್ಲ, ಕೂತ. ಬೀಗ ಹಾಕಲು ಬಂದ ಜವಾನ ತೋಳು ಹಿಡಿದು ಎಳೆದ, ಆದರೂ ಕೂತ. ಗುಮಾಸ್ತನಿಗೆ ಹೆಬ್ಬೆರಳಿನ ಜೆರಾಕ್ಸ್ ನೆನಪಾಯಿತು. ಅದನ್ನು ಹುಡುಕಿ ತೆಗೆದು ಓದಿದ.

"ಕೆಂಚವ್ವ!"

"ಬಂದೆ!"

ಅಂಗೈ ಚಾಚಿದ. ಹಳದಿ. ಬರೆದರು.

ಕೆಂಚವ್ವನಿಗೆ ಹಿಡಿಸಲಾರದ ಸಂತೋಷ. ಹುಟ್ಟಿದಾಗಿನಿಂದ ಬೈಸಿಕೊಂಡವನ ಕೆನ್ನೆ ಸವರಿ ಅಂದಳು, "ನನ್ನ ಬಂಗಾರ. ಇವತ್ತು ಹೇಳಿದ್ದನ್ನ ಸಾಯೋತನಕ ಮರೀಬ್ಯಾಡ."

ಬೈದಿದ್ದರೆ ಒಳ್ಳೆಯದಿತ್ತು.

ಕಾರ್ಡು ಬಂತು, ದಿನ ಗೊತ್ತಾಯಿತು. ಓಬಳಿ ಅವ್ವನ ಕೈ ಹಿಡಿದು ನಡೆಸಿಕೊಂಡು ಪೇಟೆಯ ಕಣ್ಣಾಸ್ಪತ್ರೆಗೆ ಬಂದ. ಬೆಂಚಿನ ಮೇಲೆ ಕೂತರು. ಕೆಂಚವ್ವ ನೀರು ಕುಡಿಯಲು ಆಯಾ ಜೊತೆ ಎದ್ದು ಹೋದಳು. ಆಗಲೇ ಒಳಗಿನಿಂದ ನರ್ಸು ಕೂಗಿದಳು.

"ಕೆಂಚವ್ವ!"

"ಬಂದೆ!"

ನರ್ಸು ಪಟ್ಟಿಯಿಂದ ತಲೆಯೆತ್ತಲಿಲ್ಲ. "ವಯಸ್ಸು ಎಪ್ಪತ್ತೆರಡಾ?"

"ಕಾರ್ಡಿನಾಗೆ ಹಂಗೇ ಐತೆ."

ಮೇಲೆ ನೋಡಿ ಅಂದರು, ನೋಡಿದ. ಕಣ್ಣಿಗೆ ಹನಿ ಬಿಟ್ಟರು, ಬಿಡಿಸಿಕೊಂಡ. ಟೋಪಿ ಹಾಕಿದರು, ಮುಖದ ಮೇಲೆ ಬಟ್ಟೆ ಹೊದಿಸಿದರು, ಮಲಗು ಅಂದರು, ಮಲಗಿದ. ಡಾಕ್ಟರು ಬಂದು ಬಟ್ಟೆ ಎತ್ತಿದರು.

"ಕೆಂಚವ್ವಂಗೆ ಮೀಸೆ ಯಾವಾಗ ಬಂತು?"

ಹೊರಗೆ ಅಟ್ಟಿದರು. ಹನಿ ಬಿದ್ದ ಕಣ್ಣಿಗೆ ಎಲ್ಲಾ ಮಂಜು ಮಂಜು. ಓಬಳಿ ಗೋಡೆ ತಡವುತ್ತಾ ಬಂದು ಬೆಂಚಿಗೆ ಎಡವಿದ. ಕೆಂಚವ್ವ ಹೊಡೆಯಲು ಕೈಯೆತ್ತಿದಳು.

"ಅವ್ವ, ನಿನ್ ಮುಖನೇ ಕಾಣ್ತಿಲ್ಲ. ದಿನಾ ನಿಂಗೆ ಹಿಂಗೇನಾ?"

ಎತ್ತಿದ ಕೈ ಕೆಳಗಿಳಿಯಿತು. "ಹೂಂ ಕಣಪ್ಪ. ಹಿಂಗೇ."

ಓಬಳಿ ಅಳತೊಡಗಿದ. ಅವಳು ಸೆರಗಿನಿಂದ ಅವನ ಕೆನ್ನೆ ಒರೆಸಿದಳು. "ಅಳಬ್ಯಾಡ, ಅದು ಔಷಧಿ ಅಷ್ಟೇ. ಕಣ್ಣು ಮುಚ್ಕೊಂಡು ಇಲ್ಲೇ ಕೂತ್ಕೋ. ಯಾರ್ ಹೇಳಿದ್ರೂ ಬಿಡಬ್ಯಾಡ." ಅಂದವಳೇ ನರ್ಸಿನ ತೋಳು ಹಿಡಿದು ಒಳಗೆ ಹೋದಳು.

ಆಪರೇಷನ್ ಆಯಿತು. ಮಾರನೆಯ ಬೆಳಗ್ಗೆ ಪಟ್ಟಿ ಬಿಚ್ಚಿದರು. ಕೆಂಚವ್ವನಿಗೆ ಗೋಡೆಯ ಬಿರುಕು ಕಂಡಿತು, ನರ್ಸಿನ ಮೂಗುತಿ ಕಂಡಿತು. ಹೊರಗೆ ಬಂದರೆ ಮಗ ಕಂಡ. ಅಂಗಿಗುಂಡಿ ಒಂದೂ ಸರಿ ಹಾಕಿರಲಿಲ್ಲ. ತಲೆಯಲ್ಲಿ ನಾಲ್ಕು ಬಿಳಿ ಕೂದಲು. ಇವೆಲ್ಲ ಯಾವಾಗ ಬಂದವು ಅಂತ ಅವಳು ಒಂದೊಂದನ್ನೇ ಮುಟ್ಟಿ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೂತಿದ್ದ.

"ಓಬಳಿ, ನಂಗೆ ಕಾಣ್ತೈತೆ ಕಣೋ. ಕಣ್ಣು ಬಿಡು."

"ಬಿಡಲ್ಲ. ಯಾರ್ ಹೇಳಿದ್ರೂ ಬಿಡಬ್ಯಾಡ ಅಂತ ನಮ್ಮವ್ವ ಹೇಳಿದಾಳೆ."

"ನಾನೇ ಕಣ್ಲಾ ನಿಮ್ಮವ್ವ."

"ಗೊತ್ತು ಕಣವ್ವ. ಯಾರ್ ಹೇಳಿದ್ರೂ ಅಂದ್ಮೇಲೆ ಅದ್ರಾಗೆ ನೀನೂ ಬಂದೆಯಲ್ಲ."

ಏನು ಮಾಡುತ್ತಾಳೆ ಪಾಪ? ಕೈ ಹಿಡಿದು ಎಬ್ಬಿಸಿದಳು. ನಿನ್ನೆ ಕುರುಡಿಯಾಗಿ ಬಂದವಳು ಇವತ್ತು ಮುಂದೆ, ಎರಡು ಕಣ್ಣು ನೆಟ್ಟಗಿದ್ದವನು ಹಿಂದೆ. ಪೇಟೆ ದಾಟಿ, ಬಸ್ಸು ಹತ್ತಿ, ಇಳಿದು, ಮನೆ ಬಾಗಿಲಿಗೆ ಬರುವವರೆಗೂ ಅವನು ಕಣ್ಣು ಬಿಡಲಿಲ್ಲ, ಅವಳು ಕೈ ಬಿಡಲಿಲ್ಲ.

ಹೊಸ್ತಿಲಲ್ಲಿ ನಿಂತು ಕೆಂಚವ್ವ ಅಂದಳು, "ಮುಚ್ಕೊಂಡೇ ಇರು ನನ್ನಪ್ಪ. ಬರೋ ವರ್ಷ ಹೆಸರು ಬರೆಸೋಕೆ ನಾನೇ ಹೋಗ್ತೀನಿ."