ಹಗ್ಗ ಮುಟ್ಟಿದಷ್ಟು ಊರು

"ಗುರುಗಳೇ, ಹೊಳೆಯಾಚೆಯ ಮಠದಲ್ಲಿ ಮುನ್ನೂರು ಜನ ಪಂಕ್ತಿಗೆ ಕೂರುತ್ತಾರಂತೆ. ನಮ್ಮಲ್ಲಿ ಕೂರುವವರು ಎಂಬತ್ತು. ಅವರನ್ನು ನಾವು ಮೀರಿಸುವುದು ಯಾವಾಗ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಡದೆಯೇ ಒಂದು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಎರಡು ಪೇಟೆಗಳು ಅಕ್ಕಪಕ್ಕದಲ್ಲಿದ್ದವು. ಒಂದು ಮೂಡಲಪೇಟೆ, ಇನ್ನೊಂದು ಪಡುವಲಪೇಟೆ. ಒಂದರಿಂದ ಇನ್ನೊಂದಕ್ಕೆ ನೇರ ಹೆದ್ದಾರಿ. ಯಾರು ದೊಡ್ಡವರು ಎಂಬ ಮಾತು ಎದ್ದರೆ ಎರಡೂ ಕಡೆಯವರಿಗೆ ಮೈಮೇಲೆ ಬಂದಂತಾಗುತ್ತಿತ್ತು. ಇವರು ಛತ್ರ ಕಟ್ಟಿದರೆ ಅವರು ಅದಕ್ಕಿಂತ ಉದ್ದದ ಛತ್ರ ಕಟ್ಟುತ್ತಿದ್ದರು. ಅವರು ಒಂದು ಗಾಣ ಹಾಕಿದರೆ ಇವರು ಎರಡು ಹಾಕುತ್ತಿದ್ದರು. ಗಿರಾಕಿಗಳು ಬರುವುದು ಹೆದ್ದಾರಿಯಲ್ಲಿ. ಆದ್ದರಿಂದ ಕಟ್ಟುವುದೆಲ್ಲ ಹೆದ್ದಾರಿಯ ಬದಿಗೇ, ಎದುರಾಳಿಯ ದಿಕ್ಕಿಗೇ. ಒಬ್ಬರ ಮುಖ ಒಬ್ಬರು ನೋಡಬಾರದು ಎನ್ನುತ್ತಲೇ ಎರಡೂ ಪೇಟೆಗಳು ವರ್ಷದಿಂದ ವರ್ಷಕ್ಕೆ ಹತ್ತಿರವಾದವು. ಅದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಸಂತೆಯೂ ಎರಡೂ ಕಡೆ ಒಂದೇ ದಿನ ನಡೆಯುತ್ತಿತ್ತು. ಎಲ್ಲಿ ಗಂಟು ಬಿಚ್ಚಬೇಕೋ ತಿಳಿಯದೆ ವ್ಯಾಪಾರಿಗಳಿಗೆ ತಲೆಕೆಟ್ಟುಹೋಯಿತು. ಅವರು ಅರಸನಲ್ಲಿ ದೂರಿದರು. ಎರಡು ಪೇಟೆಗಳನ್ನೂ ಅಳೆಯಬೇಕು, ದೊಡ್ಡ ಪೇಟೆಗೆ ಸಂತೆ ಉಳಿಯಬೇಕು, ಚಿಕ್ಕ ಪೇಟೆಯ ಸಂತೆ ಅಂದಿಗೇ ನಿಲ್ಲಬೇಕು ಎಂದು ಅರಸ ಅಪ್ಪಣೆ ಮಾಡಿದ.

ಅಳತೆಗೆ ಹಳೆಯ ಕಟ್ಟಳೆಯೊಂದಿತ್ತು. ಆಯಾ ಊರಿನ ಅಳತೆಗಾರ ಊರಿನ ಬಾಗಿಲಿನಿಂದ ಹೆದ್ದಾರಿ ಹಿಡಿದು ತನ್ನ ಹಗ್ಗ ಹಾಕುತ್ತ ಬರಬೇಕು. ಒಂದು ಸೂರಿನಿಂದ ಮುಂದಿನ ಸೂರಿಗೆ ಹಗ್ಗ ಮುಟ್ಟಿದರೆ ಊರು ಮುಂದುವರಿಯಿತು. ಮುಟ್ಟದಿದ್ದರೆ ಅಲ್ಲಿಗೆ ಮುಗಿಯಿತು.

ಮೂಡಲಪೇಟೆಯ ಅಳತೆಗಾರ ಐವತ್ತು ದಾಟಿದವನು. ಸಂತೆಯಲ್ಲಿ ಬಟ್ಟೆ ಅಳೆಯುವುದು, ಅಂಗಡಿಗಳಿಗೆ ಜಾಗ ಗುರುತು ಹಾಕುವುದು ಅವನ ಕಸುಬು. ಸಂತೆ ಹೋದರೆ ಅವನು ಹಗ್ಗ ಸುತ್ತಿ ಅಟ್ಟಕ್ಕೆ ಎಸೆಯಬೇಕಾಗಿತ್ತು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಪಡುವಲಪೇಟೆಯೇ ಉದ್ದ ಎಂಬುದು ಅಳೆಯುವ ಮೊದಲೇ ಅವನಿಗೆ ಗೊತ್ತಿತ್ತು. ಅಳೆದು ಅಳೆದು ಪಳಗಿದ ಕಣ್ಣು, ಬೇಡವೆಂದರೂ ಲೆಕ್ಕ ಹಾಕಿಬಿಟ್ಟಿತ್ತು. ಅವನಿಗೆ ಭಯವಾಗಿತ್ತು.

ಅಳತೆಯ ಹಿಂದಿನ ದಿನ ಪೇಟೆಯ ಯಜಮಾನನಾದ ಪಟ್ಟಣಶೆಟ್ಟಿ ಅವನನ್ನು ಕರೆಸಿದ.

"ಹಗ್ಗ ನೀರಲ್ಲಿ ನೆನೆಸಿಕೊಂಡು ಹೋಗಯ್ಯ. ಸೆಣಬು ನೆಂದ್ರೆ ಗಿಡ್ಡ ಆಗುತ್ತೆ. ಹಗ್ಗ ಗಿಡ್ಡ ಆದಷ್ಟೂ ಲೆಕ್ಕ ಉದ್ದ ಆಗುತ್ತೆ. ಅವರೇನು ನೆನೆಸದೆ ಬಿಡ್ತಾರಾ?"

"ಅವರ ಹಗ್ಗ ಅವರಿಗೆ, ಶೆಟ್ರೇ. ನಾನು ಒಂದು ಗೇಣು ಸುಳ್ಳು ಅಳೆದ್ರೆ ನಾಳೆ ನನ್ನ ಕೈಲಿ ಯಾರು ಬಟ್ಟೆ ಅಳೆಸ್ತಾರೆ?"

"ಸಂತೆಯೇ ಇಲ್ಲದ ಮೇಲೆ ಬಟ್ಟೆ ಎಲ್ಲಿಂದ ಬರುತ್ತಯ್ಯ?" ಎಂದು ಶೆಟ್ಟಿ ರೇಗಿದ.

ಅದೂ ನಿಜ ಎಂದುಕೊಂಡೇ ಅಳತೆಗಾರ ಮನೆಗೆ ನಡೆದ. ಆದರೂ ಅವನು ಹಗ್ಗ ನೆನೆಸಲಿಲ್ಲ. ಮೊಂಡ ಎಂದರೆ ಮೊಂಡ.

ಬೆಳಗ್ಗೆ ಅವನು ತನ್ನೂರಿನ ಮೂಡಣ ಬಾಗಿಲಿನಿಂದ ಹೊರಟ. ಹಗ್ಗದ ಹಿಂದಿನ ತುದಿ ಹಿಡಿದವಳು ಅವನ ಹೆಂಡತಿ. ಹತ್ತು ಹಗ್ಗಕ್ಕೊಂದು ಹುಣಸೆಬೀಜವನ್ನು ಅವಳು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅರಸನ ಅಧಿಕಾರಿ ಸಾಕ್ಷಿಗೆಂದು ಜೊತೆಗೆ ನಡೆದ. ಸಂತೆಬೀದಿ, ಛತ್ರ, ಎರಡು ಗಾಣ, ಗಾಡಿಕೊಟ್ಟಿಗೆ ಎಲ್ಲ ದಾಟಿ ಊರಿನ ಕೊನೆಯ ಸೂರಾದ ಅರವಟ್ಟಿಗೆಯ ಹತ್ತಿರ ಬಂದಾಗ ಮಡಿಲಲ್ಲಿ ನಲವತ್ತೊಂದು ಬೀಜ. ನಾನೂರ ಹತ್ತು ಹಗ್ಗ. ಅದರಾಚೆ ಬಯಲು. ಬಯಲಿನಾಚೆ ಪಡುವಲಪೇಟೆಯ ಕುಂಬಾರರ ಚಪ್ಪರ.

ಆ ಚಪ್ಪರದ ನೆರಳಲ್ಲಿ ಪಡುವಲಪೇಟೆಯ ಅಳತೆಗಾರ ಆಗಲೇ ತನ್ನ ಕೆಲಸ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿದ್ದ ಹಗ್ಗದ ಸುರುಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನ್ ಭಾವ, ನಿಮ್ಮ ಅರವಟ್ಟಿಗೆಗೆ ಹಗ್ಗ ಹಾಕಿ ನೋಡ್ದೆ. ಎರಡು ಮಾರು ಸಾಲಲಿಲ್ಲ. ನಮ್ಮೂರು ಇಲ್ಲಿಗೆ ಮುಗೀತು. ಐನೂರ ನಲವತ್ತು!" ಎಂದು ಅವನು ಅಲ್ಲಿಂದಲೇ ಕೂಗಿ ಹೇಳಿದ.

ಸೋತೆವು ಎಂದುಕೊಂಡು ಮೂಡಲಪೇಟೆಯ ಅಳತೆಗಾರ ಹಗ್ಗ ಸುತ್ತಲು ಬಗ್ಗಿದ. ಹೆಂಡತಿ ತನ್ನ ತುದಿಯನ್ನು ಬಿಡಲಿಲ್ಲ. "ಹಾಕಿ ನೋಡಿ. ಹಾಕಿದ್ರೆ ಹಗ್ಗ ಸವೆದು ಹೋಗುತ್ತಾ?" ಎಂದಳು.

ಅವನು ತುದಿ ಹಿಡಿದು ಬಯಲಿಗೆ ಇಳಿದ. ನಡೆದ. ಹಗ್ಗ ಬಿಗಿಯಾಗುತ್ತ ಬಂತು. ಕೈ ಚಾಚಿದ. ಚಪ್ಪರದ ಸೂರಿನ ಹುಲ್ಲು ಬೆರಳಿಗೆ ತಾಗಿತು. ಒಣಹಗ್ಗ ಇನ್ನೂ ಒಂದು ಗೇಣು ಅವನ ಮುಷ್ಟಿಯಲ್ಲಿ ಉಳಿದಿತ್ತು.

ಅವನು ಅಧಿಕಾರಿಯ ಕಡೆ ನೋಡಿದ. ಕಟ್ಟಳೆ ಕಟ್ಟಳೆಯೇ ಎಂಬಂತೆ ಅಧಿಕಾರಿ ತಲೆಯಾಡಿಸಿದ.

"ನಮ್ಮೂರು ಇನ್ನೂ ಮುಗಿದಿಲ್ಲ ಭಾವ. ಒಂಚೂರು ಸರಿದು ಕೂತ್ಕೋ," ಎಂದ ಅಳತೆಗಾರ.

ಆಮೇಲೆ ಅವನ ನಡಿಗೆಯೇ ಬೇರೆಯಾಯಿತು. ಪಡುವಲಪೇಟೆಯವರು ಜಗಲಿಗೆ ಬಂದು ಬಾಯಿ ತೆರೆದು ನೋಡಿದರು. ಹಗ್ಗ ಅವರ ಮನೆಯನ್ನು ಮುಟ್ಟಿತು. ಅವರ ಗಾಣವನ್ನು ಮುಟ್ಟಿತು. ಇಷ್ಟು ವರ್ಷ ಕಂಡು ಹೊಟ್ಟೆಯುರಿದುಕೊಂಡಿದ್ದ ಆ ಉದ್ದದ ಛತ್ರ ಎದುರಾದಾಗ ಅಳತೆಗಾರನಿಗೆ ಎಂದಿಲ್ಲದ ಹಿಗ್ಗಾಯಿತು. ಎಂಥ ಚೆಂದದ ಛತ್ರ, ಇದೂ ನಮ್ಮೂರದೇ ಎಂದುಕೊಂಡ. ಅದು ಇನ್ನೂ ಉದ್ದವಿರಬಾರದಿತ್ತೇ ಎನ್ನಿಸಿತು. ಪಡುವಣ ಬಾಗಿಲು ಮುಟ್ಟಿದಾಗ ಹೆಂಡತಿ ಬೀಜಗಳನ್ನು ನೆಲಕ್ಕೆ ಸುರಿದಳು. ತೊಂಬತ್ತು.

"ಮೂಡಲಪೇಟೆ ಒಂಬೈನೂರು ಹಗ್ಗ. ಪಡುವಲಪೇಟೆ ಐನೂರ ನಲವತ್ತು," ಎಂದು ಅಧಿಕಾರಿ ಸಾರಿದ. ಅರಸನ ರಾಜಧಾನಿಯೇ ಏಳುನೂರು ಹಗ್ಗವಿತ್ತು. ಮೂಡಲಪೇಟೆಯವರು ತಮಟೆ ಹೊಡೆದುಕೊಂಡು ಕುಣಿದರು. ಪಟ್ಟಣಶೆಟ್ಟಿ ತನ್ನ ಹೆಗಲ ಮೇಲಿನ ಶಾಲನ್ನು ತೆಗೆದು ಅಳತೆಗಾರನಿಗೆ ಹೊದಿಸಿದ. ಅಳತೆಗಾರ ಅತ್ತೇಬಿಟ್ಟ.

ಶೆಟ್ಟಿ ಅಧಿಕಾರಿಯ ಕಡೆ ತಿರುಗಿ, "ಇನ್ನೇಕೆ ತಡ? ಪಡುವಲಪೇಟೆ ಸಂತೆ ನಿಲ್ಲಿಸಿ ಅಂತ ಅಪ್ಪಣೆ ಮಾಡಿ," ಎಂದ.

"ಬಾಯಿ ಬಿಡಬೇಡಿ ಶೆಟ್ರೇ!" ಎಂದು ಅಳತೆಗಾರ ಅವನ ಕೈ ಹಿಡಿದ. "ಪಡುವಲಪೇಟೆ ಬೇರೆ ಊರು ಅಂತ ನೀವು ಅಂದಿರೋ, ನಮ್ಮದು ನಾನೂರ ಹತ್ತಕ್ಕೆ ಇಳೀತು. ಸೋತವರು ನಾವು."

ಶೆಟ್ಟಿ ಬೆರಳು ಮಡಚಿ ಲೆಕ್ಕ ಹಾಕಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ತಮಟೆಯವನ ಕೊರಳಿನಿಂದ ತಮಟೆ ಕಿತ್ತು ತಾನೇ ಹಾಕಿಕೊಂಡು, ಬಡಿಯುತ್ತ ಪಡುವಲಪೇಟೆಯ ಬೀದಿಗೆ ನಡೆದ. ರಾಜಧಾನಿಯನ್ನು ಮೀರಿಸಿದ್ದೇವೆ, ಎಲ್ಲರೂ ಹೊರಗೆ ಬನ್ನಿ ಎಂದು ಮನೆಮನೆಯ ಮುಂದೆ ಕೂಗಿದ. ಸಂತೆ ಉಳಿಯಿತು ಎಂದ ಮೇಲೆ ಅವರಿಗೇನು ಬೇಸರ? ಅವರೂ ಮೀಸೆ ತಿರುವಿಕೊಂಡು ಹಿಂದೆ ಬಂದರು.

ಆ ವಾರದ ಸಂತೆ ನಡುವಿನ ಬಯಲಲ್ಲಿ ನೆರೆಯಿತು. ಅಂಥ ಸಂತೆಯನ್ನು ಆ ರಾಜ್ಯ ಕಂಡಿರಲಿಲ್ಲ. ಅಂಗಡಿಗಳಿಗೆ ಜಾಗ ಗುರುತು ಹಾಕಲು ಇಬ್ಬರು ಅಳತೆಗಾರರೂ ಸಾಲದಾದರು.

ಕತೆ ಮುಗಿಯಿತು. ಶಿಷ್ಯ ಮನಸಾರೆ ನಕ್ಕ. ಆಮೇಲೆ, "ಆದರೆ ಗುರುಗಳೇ, ನಮ್ಮ ಎಂಬತ್ತು ಎಂಬತ್ತಾಗಿಯೇ ಉಳಿಯಿತಲ್ಲ?" ಎಂದ.

"ಎಣಿಸುತ್ತ ಹೊರಟವನು ನೀನು, ಹೊಳೆ ಬಂತೆಂದು ಎಂಬತ್ತಕ್ಕೆ ನಿಂತದ್ದೇಕೆ?" ಎಂದರು ಗುರುಗಳು.