ಒದ್ದೆ ಕಾರಿನ ಗೀರು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಪಾತ್ರೆ ಬೆಳಗುವ ಕೆಲಸ ನೀಲವ್ವನದು. ಒಲೆಯ ಬೂದಿ, ತೆಂಗಿನ ನಾರು, ಅವಳ ಕೈ, ಇಷ್ಟೇ ಸಾಮಾನು. ಮಸಿ ಹಿಡಿದ ಹಂಡೆ ಅವಳ ಕೈಗೆ ಸಿಕ್ಕರೆ ಮುಖ ನೋಡಿಕೊಳ್ಳುವ ಹಾಗೆ ಆಗುತ್ತಿತ್ತು.

ಒಂದು ಮುಂಜಾನೆ ಅವಳು ಗುರುಗಳನ್ನು ಒಂದು ಮಾತು ಕೇಳಿದಳು. ಗುರು ಎಂದರೆ ವಯಸ್ಸಾದ ಹೆಂಗಸು. ಎಲ್ಲರೂ ಅವರನ್ನು ಅವ್ವಾರು ಎನ್ನುತ್ತಿದ್ದರು.

“ಅವ್ವಾರ, ನಿಮ್ಮ ಮುಂದ ಕಣ್ಣು ಮುಚ್ಚಿ ಕುಂತಾಗ ತಂಗಿ ಮ್ಯಾಲಿನ ಸಿಟ್ಟು ಇರೂದಿಲ್ಲ. ಎದ್ದು ಹೊರಗ ಹೋದ್ರ ಮತ್ತ ಬರ್ತೈತಿ. ನಡುವ ಅದು ಎಲ್ಲಿ ಹೋಗಿರ್ತೈತ್ರಿ?”

“ಬಂದಾಗ ಅದನ್ನ ಕೇಳು,” ಎಂದು ಅವ್ವಾರು ಹೊದ್ದಿದ್ದ ಕೌದಿ ಮಡಚಿಟ್ಟರು.

ತಂಗಿ ಕಸ್ತೂರಿ ಅವತ್ತು ಬರುವವಳಿದ್ದಳು. ಅದಕ್ಕೇ ನೀಲವ್ವನಿಗೆ ಈ ಕಳವಳ. ತಾಯಿ ತೀರಿಕೊಂಡ ಮೇಲೆ ಕಸ್ತೂರಿ, ತಾಯಿ ನೇಯುತ್ತಿದ್ದ ಮಗ್ಗವನ್ನು ಅಕ್ಕನಿಗೆ ಒಂದು ಮಾತೂ ಹೇಳದೆ ಬಿಚ್ಚಿಸಿ ಯಾರಿಗೋ ಕೊಟ್ಟುಬಿಟ್ಟಿದ್ದಳು. ನೀಲವ್ವ ನೇಯಲು ಕಲಿತದ್ದು ಅದೇ ಮಗ್ಗದಲ್ಲಿ. ಅಂದಿನಿಂದ ಅಕ್ಕ ತಂಗಿಯ ಜೊತೆ ಮಾತು ಬಿಟ್ಟಿದ್ದಳು. ಬೈದಿರಲೂ ಇಲ್ಲ, ಅತ್ತಿರಲೂ ಇಲ್ಲ, ಬಾಯಿ ಮುಚ್ಚಿಕೊಂಡು ಆಶ್ರಮಕ್ಕೆ ಬಂದಿದ್ದಳು. ಈ ಸಲವೂ ಅಕ್ಕ ಮಾತಾಡದಿದ್ದರೆ ಇನ್ನು ಈ ಕಡೆ ಹಾಯುವುದಿಲ್ಲ ಎಂದು ಕಸ್ತೂರಿ ಹೇಳಿ ಕಳಿಸಿದ್ದಳು.

ಅವಳು ಬಂದದ್ದು ಹೊಸ ಕಾರಿನಲ್ಲಿ, ತಾನೇ ನಡೆಸಿಕೊಂಡು. ಕಪ್ಪು ಕಾರು, ಮೈತುಂಬ ಕೆಮ್ಮಣ್ಣಿನ ಧೂಳು.

ತಂಗಿಯನ್ನು ಕಂಡದ್ದೇ ನೀಲವ್ವನ ನಾಲಿಗೆ ಕಟ್ಟಿಹೋಯಿತು. ಕಸ್ತೂರಿ ಒಳಗೆ ಅವ್ವಾರ ಹತ್ತಿರ ಕೂತಳು. ನೀಲವ್ವ ಹೊರಗೆ ಬಂದಳು. ಮಾತು ಬಾರದಿದ್ದರೆ ಬೇಡ, ಕೈ ಇದೆಯಲ್ಲ, ಕಾರನ್ನಾದರೂ ತೊಳೆದುಕೊಡೋಣ ಎಂದುಕೊಂಡಳು.

ಬೂದಿ ತಂದಳು. ನಾರು ತಂದಳು. ಹಂಡೆ ತಿಕ್ಕಿದ ಹಾಗೆ ಕಾರನ್ನು ತಿಕ್ಕಿದಳು.

ಹೊಳೆ ನೀರು ಸುರಿದಾಗ ಬಾನೆಟ್ಟಿನಲ್ಲಿ ಮೋಡ ಕಂಡಿತು. ನೀಲವ್ವ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ ಹಿಗ್ಗಿದಳು.

ಆಮೇಲೆ ಬಿಸಿಲು ಬಿತ್ತು. ನೀರು ಆರುತ್ತ ಬಂದ ಹಾಗೆ, ಜೇಡ ಬಲೆ ಹೆಣೆದಂತೆ ಸಣ್ಣ ಸಣ್ಣ ಗೀರುಗಳು ಎದ್ದು ಬಂದವು.

ಒಂದು ಚೊಂಬು ನೀರು ಸುರಿದಳು. ಗೀರುಗಳು ಮಾಯವಾದವು. ಕಾದಳು. ಮತ್ತೆ ಬಂದವು. ಎಲ್ಲಿ ಹೋಗಿ ಬರುತ್ತವೆ ಇವು ಎಂದು ಬಗ್ಗಿ ಬಗ್ಗಿ ನೋಡಿದಳು. ಸ್ವಲ್ಪ ಹೊತ್ತು ಅದು ಆಟವೇ ಆಯಿತು.

ಆಮೇಲೆ ಚೊಂಬು ಕೆಳಗಿಟ್ಟಳು. ಇದನ್ನು ಕಂಡರೆ ತಂಗಿ ಏನೆಂದುಕೊಂಡಾಳು? ಹೊಟ್ಟೆಕಿಚ್ಚಿಗೆ ಗೀರಿದಳು ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ನೀಲವ್ವ ಕೊಡ ಎತ್ತಿಕೊಂಡು ಹೊಳೆಗೆ ಓಡಿದಳು. ತಂದು ಸುರಿದಳು. ಮತ್ತೆ ಓಡಿದಳು. ಸೀರೆ ಮೊಳಕಾಲಿನವರೆಗೆ ತೊಯ್ದಿತು.

ಅವ್ವಾರು ಬಾಗಿಲಿಗೆ ಬಂದು ನಿಂತರು.

“ಏನು ಮಾಡಾಕತ್ತೀಯವ್ವಾ?”

“ತೊಳ್ಯಾಕತ್ತೇನ್ರಿ.”

“ತೊಳ್ಯೂದು ಇನ್ನೂ ಮುಗಿದಿಲ್ಲೇನು?”

ನೀಲವ್ವ ತಲೆ ತಗ್ಗಿಸಿದಳು. “ಆರಿದ್ರ ಗೀರು ಕಾಣ್ತಾವ್ರಿ.”

“ಹಂಗಾದ್ರ ನೀನೂ ಕಾರಿನ ಹಿಂದ ಹೋಗು. ಅಕಿ ಊರು ಮುಟ್ಟೂ ತನಕ ನೀರು ಸುರುವಿಕೋತ ಓಡು.”

ಅವರು ಕಾರಿನ ಹತ್ತಿರ ಬಂದರು. ನೀಲವ್ವನ ಬೆರಳು ಹಿಡಿದು ಅದರ ಉಗುರನ್ನು ಬಾನೆಟ್ಟಿನ ಮೇಲೆ ಎಳೆದರು. ಉಗುರು ಎಲ್ಲೂ ತಡೆಯದೆ ಜಾರಿತು.

“ಇವು ಮ್ಯಾಲ ಮ್ಯಾಲಿನವು. ಬೂದಿ ಮಾಡಿದ್ದು.”

ಆಮೇಲೆ ಕಾರಿನ ಬಾಗಿಲಿನ ಮೇಲೆ ಎಳೆದರು. ಅಲ್ಲಿ ಒಂದು ಗೀರು ಇತ್ತು, ಹಿಡಿಕೆಯ ಕೆಳಗೆ. ನೀರು ಸುರಿದಾಗಲೂ ಅದು ಪೂರ್ತಿ ಅಡಗಿರಲಿಲ್ಲ. ಉಗುರು ಅದರಲ್ಲಿ ಸಿಕ್ಕಿಕೊಂಡಿತು.

“ಬೂದ್ಯಾಗ ಕಲ್ಲಿನ ಹರಳು ಇತ್ತೇನೋ ಅವ್ವಾರ.”

“ಹರಳು ಇದ್ದದ್ದು ಕೈಗೆ ತಿಳೀಲಿಲ್ಲೇನು?”

ನೀಲವ್ವ ತನ್ನ ಅಂಗೈ ನೋಡಿಕೊಂಡಳು. ಬಾಗಿಲು ತಿಕ್ಕುವಾಗ ತಾಯಿಯ ಮಗ್ಗ ಕಣ್ಣ ಮುಂದೆ ಬಂದಿತ್ತು. ಹರಳು ಕರಕರ ಅಂದಿತ್ತು. ಕೈ ನಿಲ್ಲಬಹುದಿತ್ತು, ನಿಲ್ಲಲಿಲ್ಲ.

“ತಿಳಿದಿತ್ರಿ,” ಎಂದಳು.

ಅವ್ವಾರು ಹೋಗಿ ಕಟ್ಟೆಯ ಮೇಲೆ ಕೂತರು.

ಅಷ್ಟರಲ್ಲಿ ಕಸ್ತೂರಿ ಹೊರಗೆ ಬಂದಳು. ಅಕ್ಕ ಮಾತಾಡಿಸಲಿಲ್ಲ ಎಂಬ ದುಗುಡ ಮುಖದಲ್ಲಿತ್ತು. ಆದರೆ ನೀರು ತೊಟ್ಟಿಕ್ಕುತ್ತ ಹೊಳೆಯುತ್ತಿದ್ದ ಕಾರನ್ನು ಕಂಡು ಅವಳ ಕಣ್ಣು ಅರಳಿತು.

“ಅಕ್ಕಾ, ನೀನು ತೊಳದೇನು?”

ಹೌದೆಂದು ತಲೆಯಾಡಿಸಿದರೆ ಸಾಕಿತ್ತು. ಕಾರು ಆರುವ ಹೊತ್ತಿಗೆ ತಂಗಿ ಹೊಳೆ ದಾಟಿರುತ್ತಿದ್ದಳು. ನೀಲವ್ವನ ಸೊಂಟದ ಮೇಲೆ ಇನ್ನೂ ಒಂದು ತುಂಬಿದ ಕೊಡವಿತ್ತು.

ಅವಳು ಆ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದಳು.

“ನಿಲ್ಲು ಕಸ್ತೂರಿ. ಆರಲಿ.”

ಇಬ್ಬರೂ ನಿಂತರು. ಬಿಸಿಲು ತನ್ನ ಕೆಲಸ ಮಾಡಿತು. ಗೀರುಗಳು ಒಂದರ ಹಿಂದೆ ಒಂದು ಎದ್ದು ಬಂದವು. ಕಸ್ತೂರಿಯ ಮುಖ ಇಳಿಯಿತು.

ನೀಲವ್ವ ತಂಗಿಯ ಬೆರಳು ಹಿಡಿದು ಬಾನೆಟ್ಟಿನ ಮೇಲೆ ಎಳೆದಳು.

“ಇಲ್ಲಿ ನನಗ ತಿಳೀಲಿಲ್ಲ.”

ಬಾಗಿಲಿನ ಮೇಲೆ ಎಳೆದಳು. ಉಗುರು ಸಿಕ್ಕಿಕೊಂಡಿತು.

“ಇಲ್ಲಿ ತಿಳಿದಿತ್ತು. ಇಲ್ಲಿ ಅವ್ವನ ಮಗ್ಗ ನೆನಪಾಗಿತ್ತು.”

ಕಸ್ತೂರಿ ಆ ಗೀರಿನ ಮೇಲಿಂದ ಬೆರಳು ತೆಗೆಯಲಿಲ್ಲ.

“ಆವತ್ತ ನೀ ಬಾಯಿ ತುಂಬ ಬೈದಿದ್ರ ನನ್ನ ಕಾರಿನ ಬಾಗಲಾ ಉಳೀತಿತ್ತಲ್ಲ ಅಕ್ಕಾ,” ಎಂದಳು. ಮಗ್ಗವನ್ನು ಕೇಳದೆ ಕೊಟ್ಟದ್ದು ತಪ್ಪಾಯಿತು ಎಂದಳು. ಸಣ್ಣ ಗೀರುಗಳನ್ನು ಗ್ಯಾರೇಜಿನವನು ಪಾಲಿಶ್ ಹಾಕಿ ತೆಗೆಯುತ್ತಾನೆ, ಇದನ್ನು ಮಾತ್ರ ತಿಕ್ಕಿ, ಬಣ್ಣ ತುಂಬಬೇಕು ಎಂದೂ ಹೇಳಿದಳು.

ನೀಲವ್ವ ಕಟ್ಟೆಯ ಕಡೆ ತಿರುಗಿದಳು. “ಹೋಗ್ತೈತೇನ್ರಿ ಅವ್ವಾರ, ಇದು?”

ಅವ್ವಾರು ಎದ್ದು ಬಂದರು. ಬಾಗಿಲಿನ ಮೇಲೆ ಅಂಗೈ ಇಟ್ಟು ನೋಡಿದರು.

“ಆರೈತಿ, ಕಾಣ್ತೈತಿ,” ಎಂದರು. “ಈಗ ಕೈ ಹಚ್ಚಬಹುದು.”