ತಿದಿ ಚಾಚಾನ ಅವಲಂಬಿತ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಮಾತ್ರ ಕೇಳಬೇಡಿ, ಬುಡನ್‌ಸಾಬ ಅಂತ ಒಬ್ಬ ಕಲಾಯಿ ಹಾಕುವವನಿದ್ದ. ಹಿತ್ತಾಳೆ ಪಾತ್ರೆಗೆ ಅವನು ತವರ ಸವರಿದನೆಂದರೆ ಅದರೊಳಗೆ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಿತ್ತು. ಆದರೆ ಊರಿಗೆ ಸ್ಟೀಲು ಬಂತು. ಸ್ಟೀಲಿಗೆ ಕಲಾಯಿ ಬೇಡ. ಬುಡನ್‌ಸಾಬ ಬೀದಿ ಬೀದಿ ತಿರುಗಿ "ಕಲಾಯೀ..." ಅಂತ ಕೂಗಿದ. ಒಂದು ನಾಯಿ ಮಾತ್ರ ಓಗೊಟ್ಟಿತು. ಕೈ ಸುಮ್ಮನಿದ್ದು ಸುಮ್ಮನಿದ್ದು ಅವನಿಗೆ ಅಳು ಬರುವಂತಾಯಿತು.

ಅಷ್ಟರಲ್ಲಿ ಸುದ್ದಿ ಬಂತು. ಗಡಿಯಾಚೆಯ ದೇಶದಲ್ಲಿ ಸ್ಟೀಲೇ ಇಲ್ಲವಂತೆ. ಅಲ್ಲಿನ ರಾಜನಿಗೆ ಹುಳಿಸಾರಿನ ಹುಚ್ಚಂತೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಸಾರು ಕಿಲುಬೆದ್ದು ಹಸಿರಾಗಿ, ಅರಮನೆಗೆ ಅರಮನೆಯೇ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದೆಯಂತೆ. ಬುಡನ್‌ಸಾಬ ತಿದಿಯನ್ನು, ಅಂದರೆ ಬೆಂಕಿಗೆ ಗಾಳಿ ಊದುವ ಚರ್ಮದ ಚೀಲವನ್ನು, ಹೆಗಲಿಗೇರಿಸಿ ಹೊರಟೇಬಿಟ್ಟ.

ಗಡಿಯಲ್ಲಿ ಠಸ್ಸೆರಾಯ ಅಂತ ಗುಮಾಸ್ತ ಕೂತಿದ್ದ.

"ದಾರಿ ಎರಡು," ಅಂದ. "ನೂರು ಅಂಕ ಬಂದರೆ ಕಸುಬಿನ ಬಾಗಿಲು. ಒಳಗೆ ನೆಂಟರಿದ್ದರೆ ಅವಲಂಬಿತರ ಬಾಗಿಲು. ನಿನ್ನ ವಯಸ್ಸೆಷ್ಟು?"

"ನಲವತ್ತೈದು, ಸ್ವಾಮಿ."

"ಜಾಸ್ತಿಯಾಯಿತು. ಅನುಭವ?"

"ಮೂವತ್ತು ವರ್ಷ."

"ಕಮ್ಮಿಯಾಯಿತು. ನಮಗೆ ವಯಸ್ಸು ಇಪ್ಪತ್ತು, ಅನುಭವ ನಲವತ್ತು ಇರೋರು ಬೇಕು."

"ಹುಟ್ಟೋಕೆ ಇಪ್ಪತ್ತು ವರ್ಷ ಮುಂಚೆಯೇ ಕೆಲಸಕ್ಕೆ ಸೇರಬೇಕಿತ್ತಾ ಸ್ವಾಮಿ?"

"ಸೇರಬೇಕಿತ್ತು. ಯಾಕೆ ಸೇರಲಿಲ್ಲ?"

ಬುಡನ್‌ಸಾಬನಿಗೆ ನಿಜಕ್ಕೂ ಯಾಕೆ ಸೇರಲಿಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು. ತಿದಿಯನ್ನು ದೊಪ್ಪನೆ ನೆಲಕ್ಕೆ ಹಾಕಿದ.

"ಭುಸ್ಸ್," ಅಂತು ತಿದಿ.

ಠಸ್ಸೆರಾಯ ಎದ್ದು ನಿಂತ. "ಇವರು ಯಾರು?"

"ನನ್ನ ತಿದಿ. ಅಪ್ಪನ ಕಾಲದ್ದು. ನಲವತ್ತು ವರ್ಷದಿಂದ ಊದ್ತಾ ಇದೆ."

"ಚರ್ಮ?"

"ಹೋದ ವರ್ಷ ಹೊಸದು ಹಾಕಿಸಿದೆ."

"ವಯಸ್ಸು ಒಂದು, ಅನುಭವ ನಲವತ್ತು! ತಿದಿಸ್ವಾಮಿ, ನಮ್ಮ ಭಾಷೆ ಬರುತ್ತದಾ?"

"ಭುಸ್ಸ್," ಅಂತು ತಿದಿ.

"ಒಂದು ತಪ್ಪೂ ಇಲ್ಲ. ನೂರಕ್ಕೆ ನೂರು!"

ತಿದಿಗೆ ಕಸುಬಿನ ಬಾಗಿಲು ತೆರೆಯಿತು. ಅಪ್ಪನ ಜೊತೆಗಾರ ಅಂದಮೇಲೆ ತಿದಿ ಚಾಚಾನೇ, ಚಿಕ್ಕಪ್ಪನೇ ಆಯಿತಲ್ಲ. ಚಾಚಾನ ಅವಲಂಬಿತ ಅಂತ ಬರೆಸಿಕೊಂಡು ಬುಡನ್‌ಸಾಬನೂ ಪಕ್ಕದ ಬಾಗಿಲಲ್ಲಿ ನುಸುಳಿದ. ಅವನ ಕೊರಳಿಗೆ ಒಂದು ಚೀಟಿ ಬಿತ್ತು: 'ಅವಲಂಬಿತರು ಕೆಲಸ ಮಾಡಕೂಡದು. ಮಾಡಿದರೆ ಗಡಿಪಾರು.'

ಅರಮನೆ ಅಂಗಳದಲ್ಲಿ ಗುಂಡಿ ತೋಡಿ ಇದ್ದಿಲು ಸುರಿದರು. ಸಾರು ಮಾಡುವ ಹಿತ್ತಾಳೆಯ ಕೊಳದಪ್ಪಲೆ ತಂದಿಟ್ಟರು. ರಾಜ ಚಮಚ ಹಿಡಿದು ಕೂತ.

"ಊದಿ, ತಿದಿಯವರೇ," ಅಂದ.

ತಿದಿಯವರು ಊದಲಿಲ್ಲ. ಊಟದ ಹೊತ್ತು ಮೀರಿದರೂ ಊದಲಿಲ್ಲ. ರಾಜನ ಕಣ್ಣಲ್ಲಿ ನೀರು. ಬುಡನ್‌ಸಾಬನ ಕೈಯಲ್ಲಿ ತುರಿಕೆ. ಮುಟ್ಟಿದರೆ ಗಡಿಪಾರು! ಗಡಿಯಿಂದಲೇ ಬೆನ್ನಿಗೆ ಬಂದಿದ್ದ ಠಸ್ಸೆರಾಯ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಮಹಾಪ್ರಭು," ಅಂದ ಬುಡನ್‌ಸಾಬ, "ಪ್ರಯಾಣ ಮಾಡಿ ಚಾಚಾಗೆ ಬೆನ್ನು ಹಿಡ್ಕೊಂಡಿದೆ. ಸ್ವಲ್ಪ ಒತ್ತಲಾ?"

ಠಸ್ಸೆರಾಯ ಕಾನೂನಿನ ಪುಸ್ತಕ ತಿರುವಿದ. "ಹಿರಿಯರ ಬೆನ್ನು ಒತ್ತೋದು ಕೆಲಸವಲ್ಲ, ಸೇವೆ. ವಯಸ್ಸು ಒಂದೇ ಆದರೂ ಚಾಚಾ ಚಾಚಾನೇ. ಒತ್ತು."

ಒತ್ತಿದ. ಭುಸ್ಸ್! ಬೆಂಕಿ ಎದ್ದಿತು.

"ಪಾತ್ರೆಗೆ ಚಳಿ. ಬೆಂಕಿ ಕಾಯಿಸಲಾ?"

"ಸೇವೆ. ಕಾಯಿಸು."

"ಅದರ ಮುಖ ಒರೆಸಲಾ?"

"ಸೇವೆ. ಒರೆಸು."

ಪಾತ್ರೆಗೆ ಉದುರಿಸಿದ ನವಸಾಗರದ ಪುಡಿಯಿಂದ ಬಿಳಿ ಹೊಗೆ ಎದ್ದಿತು. ತವರ ಕರಗಿತು. ಹತ್ತಿ ಹಿಡಿದ ಕೈ ಗರಗರ ತಿರುಗಿತು. ಕೊಳದಪ್ಪಲೆ ಬೆಳ್ಳಗೆ ಮಿಂಚಿತು. ಎಷ್ಟೋ ತಿಂಗಳ ಮೇಲೆ ಕೈಗೆ ಕೆಲಸ, ಅಲ್ಲಲ್ಲ, ಸೇವೆ ಸಿಕ್ಕ ಖುಷಿಗೆ ಬುಡನ್‌ಸಾಬ ಅಲ್ಲೇ ಅತ್ತುಬಿಟ್ಟ.

ರಾಜ ಹುಳಿಸಾರನ್ನು ಸೊರ್ರನೆ ಹೀರಿ, ತಿದಿಗೆ 'ಕಲಾಯಿ ರತ್ನ' ಅಂತ ಬಿರುದು ಕೊಟ್ಟ, ಶಾಲು ಹೊದಿಸಿದ, ಮನೆ ಬರೆದುಕೊಟ್ಟ. ಬುಡನ್‌ಸಾಬನಿಗೆ ಏನು ಸಿಕ್ಕಿತು ಅಂತೀರಾ? ಠಸ್ಸೆರಾಯನ ಬುದ್ಧಿಮಾತು ಸಿಕ್ಕಿತು.

"ದುಡಿಯೋ ಚಾಚಾನ ಅನ್ನ ತಿಂದ್ಕೊಂಡು ಎಷ್ಟು ದಿನ ಅಂತ ಕೂತಿರ್ತೀಯಪ್ಪಾ? ನಾಚಿಕೆ ಆಗಲ್ವಾ?"

ಬುಡನ್‌ಸಾಬ ಈಗಲೂ ಅಲ್ಲೇ ಇದ್ದಾನೆ. ಬೆಳಗ್ಗೆ ಎದ್ದವನೇ ತಿದಿಗೆ ಎಣ್ಣೆ ಸವರಿ, ಎಲ್ಲಾದರೂ ತೂತು ಬಿದ್ದಿದೆಯಾ ಅಂತ ನೋಡಿ, ಬಗ್ಗಿ ಸಲಾಮ್ ಮಾಡುತ್ತಾನೆ. ಚಾಚಾ ಹರಿದರೆ ಅವನೂ ಗಡಿಪಾರು.

ಅದಕ್ಕೇ ಪರದೇಶಕ್ಕೆ ಹೊರಟವರೇ, ನಿಮ್ಮ ಸಾಮಾನನ್ನು ದೊಪ್ಪನೆ ನೆಲಕ್ಕೆ ಹಾಕಬೇಡಿ. ನಾಳೆ ಯಾರು ಯಾರ ಅವಲಂಬಿತರಾಗುತ್ತಾರೋ ಹೇಳೋಕಾಗಲ್ಲ. ಕತೆ ಗಡಿ ದಾಟಿ ಆ ಕಡೆ ಹೋಯಿತು. ಅಂಕ ಸಾಲದೆ ನಾವು ಈ ಕಡೆಯೇ ಉಳಿದೆವು.